ಬೇಲದಮಾಳದ ಬುಧವಾರಗಳು

ನಾನು ಮಿಷನ್ ಆಸ್ಪತ್ರೆಯಲ್ಲಿ ನರ್ಸ್ ತರಬೇತಿಗೆ ಸೇರಿದಾಗ ನಮ್ಮಪ್ಪ ಮೂರು ತಿಂಗಳು ನನ್ನ ಕೈಯ ನೀರು ಕುಡಿಯಲಿಲ್ಲ. ನಮ್ಮೂರು ಕುದೇರು. ಎರಡು ಎಕರೆ ಹೊಲ, ಒಂದು ಜೊತೆ ಎತ್ತು, ನಾವು ಐದು ಜನ ಹೆಣ್ಣುಮಕ್ಕಳು. "ಅವ್ರು ಮೊದ್ಲು ಸೂಜಿ ಕೊಟ್ಟಾರು, ಆಮೇಲೆ ಶಿಲುಬೆ ಕೊಟ್ಟಾರು. ಉಸಾರು ಕಣಮ್ಮಿ," ಎಂದು ಸಂತೆಮರಹಳ್ಳಿಯಲ್ಲಿ ಬಸ್ಸು ಹತ್ತಿಸುವಾಗ ಹೇಳಿದ. ಮೂವತ್ತು ವರ್ಷಕ್ಕೂ ಮೀರಿ ಅಲ್ಲಿ ದುಡಿದೆ. ಶಿಲುಬೆಯನ್ನು ಯಾರೂ ಕೊಡಲಿಲ್ಲ. ಸೂಜಿಗಳನ್ನು ಮಾತ್ರ ಕುದಿಸಿ ಕುದಿಸಿ ಬೆರಳ ತುದಿಯ ಚರ್ಮ ಸತ್ತುಹೋಯಿತು.

ಈ ವರ್ಷ ನನ್ನ ತಂಗಿಯ ಮೊಮ್ಮಗಳು ನರ್ಸಿಂಗ್ ಮುಗಿಸಿ ಕೆಲಸಕ್ಕೆ ಸೇರಿದ್ದಾಳೆ. ಹೋಗುವ ಮೊದಲು ಬಂದು, "ಅಜ್ಜಿ, ನಿಮ್ಮ ಸರ್ವೀಸಿನಲ್ಲಿ ಎಂಥೆಂಥ ಕೇಸು ನೋಡಿದ್ರಿ ಹೇಳಿ," ಎಂದು ಕೂತಳು. ನಾನು ಚೇಳು ಕಚ್ಚಿದ್ದು, ಆನೆ ತುಳಿದದ್ದು, ಜೀಪಿನಲ್ಲೇ ಆದ ಹೆರಿಗೆ, ಇಂಥವನ್ನೆಲ್ಲ ಹೇಳಿದೆ. ಹುಡುಗಿ ಕಣ್ಣರಳಿಸಿ ಕೇಳಿದಳು. ಅವಳು ಹೋದಮೇಲೆ, ಹೇಳಬೇಕಾದದ್ದನ್ನು ಹೇಳದೆ ಕಳಿಸಿಬಿಟ್ಟೆನಲ್ಲ ಅನ್ನಿಸಿತು. ಅದನ್ನು ಈಗ ಬರೆಯುತ್ತಿದ್ದೇನೆ.

ನಮ್ಮ ಆಸ್ಪತ್ರೆಯನ್ನು ಕಟ್ಟಿದವರು ಹೊರದೇಶದ ಮಿಷನರಿಗಳು. ನಾನು ಸೇರುವ ಹೊತ್ತಿಗೆ ಅವರೆಲ್ಲ ಹೊರಟುಹೋಗಿದ್ದರು. ಹೆರಿಗೆ ವಾರ್ಡಿನ ಗೋಡೆಯ ಮೇಲೆ ಟೊಪ್ಪಿಗೆ ಹಾಕಿದ ಒಬ್ಬ ಹೆಂಗಸಿನ ಫೋಟೋ ಉಳಿದಿತ್ತು, ಮತ್ತು ಹಳ್ಳಿಗಳಿಗೆ ಜೀಪು ಹೋಗುವ ಪದ್ಧತಿ ಉಳಿದಿತ್ತು. ವಾರದಲ್ಲಿ ಐದು ದಿನ, ಐದು ಊರು. ಡಾಕ್ಟರ್ ಒಬ್ಬರು, ನರ್ಸ್ ಒಬ್ಬಳು, ಡ್ರೈವರ್ ಸಿದ್ದರಾಜು, ಎರಡು ತಗಡಿನ ಪೆಟ್ಟಿಗೆ ತುಂಬ ಔಷಧಿ. ಬುಧವಾರದ ಊರು ಬೇಲದಮಾಳ. ಗುಂಡ್ಲುಪೇಟೆ ದಾಟಿ, ಹಿಮವದ್ ಗೋಪಾಲಸ್ವಾಮಿ ಬೆಟ್ಟ ಎದುರಿಗೆ ಕಾಣುವ ಕಡೆ, ಕಾಡಿನ ಅಂಚಿಗೆ. ಆ ಊರಿನ ಕೊನೆಯ ಮನೆಯಾದ ಮೇಲೆ ಒಂದು ಅರಿಶಿನದ ಹೊಲ, ಅದರಾಚೆ ಆನೆ ಬಾರದಂತೆ ತೋಡಿದ ಕಂದಕ, ಅಷ್ಟೆ.

ಡಾಕ್ಟರು ಸಿಸ್ಟರ್ ತ್ರೇಸಮ್ಮ. ಕೇರಳದವರು, ಬಿಳಿ ಸೀರೆಯ ಸನ್ಯಾಸಿನಿ. ಊರವರು ಡಾಕ್ಟ್ರಮ್ಮ ಎನ್ನುತ್ತಿದ್ದರು. ನನ್ನನ್ನು ಅವರು ಹೆಸರು ಹಿಡಿದು ಕರೆದದ್ದು ಕಡಿಮೆ. ಮಲಯಾಳದಲ್ಲಿ ಮಗಳನ್ನು ಕರೆಯುವ ಹಾಗೆ "ಮೋಳೇ" ಎನ್ನುತ್ತಿದ್ದರು. ಸಿಟ್ಟು ಬಂದಾಗ ಮಾತ್ರ "ಪುಟ್ಟಮಣಿ".

ಮೊದಲು ಆ ಊರಲ್ಲಿ ನಾವು ಕೂರುತ್ತಿದ್ದದ್ದು ಮಲ್ಲಪ್ಪನವರ ಮನೆಯ ಜಗಲಿಯ ಮೇಲೆ. ಜಮೀನುದಾರರು, ಲಿಂಗಾಯತರು, ಒಳ್ಳೆಯ ಜನ. ಜಗಲಿಗೆ ಸಗಣಿ ಸಾರಿಸಿ, ಮಜ್ಜಿಗೆ ಕೊಟ್ಟು ಕೂರಿಸುತ್ತಿದ್ದರು. ಒಂದು ವರ್ಷವಾದರೂ ಊರ ಕೆಳಗಿನ ಬೀದಿಯಿಂದ ಒಬ್ಬರೂ ಬಂದಿರಲಿಲ್ಲ. ಅವರಿಗೆ ಕಾಯಿಲೆಯೇ ಬರುವುದಿಲ್ಲವೇನೋ ಎಂದು ನಾನು ತಿಳಿದಿದ್ದೆ. ಒಂದು ಬುಧವಾರ ಡಾಕ್ಟರು ತಾವೇ ಆ ಬೀದಿಗೆ ನಡೆದುಹೋಗಿ ಬಂದರು. ಬಂದವರೇ ಮಲ್ಲಪ್ಪನವರಿಗೆ ಕೈಮುಗಿದು, "ನಿಮ್ಮ ಜಗಲಿ ಚೆನ್ನಾಗಿದೆ. ಅದರ ಮೆಟ್ಟಿಲು ಮಾತ್ರ ಎತ್ತರ," ಎಂದರು. ಮುಂದಿನ ವಾರದಿಂದ ನಾವು ಶಾಲೆಯ ಪಡಸಾಲೆಯಲ್ಲಿ ಕೂತೆವು. ಅವತ್ತು ಸಾಲು ರಸ್ತೆಯವರೆಗೆ ಬೆಳೆದಿತ್ತು. ಮಲ್ಲಪ್ಪನವರು ಕೆಲವು ದಿನ ಮುನಿಸಿಕೊಂಡರು. ಆಮೇಲೆ ಅವರೂ ಕೆಮ್ಮುತ್ತಾ ಬಂದು ಅದೇ ಸಾಲಿನಲ್ಲಿ ನಿಂತರು.

ಶಿವಮ್ಮ ಆ ಕೆಳಗಿನ ಬೀದಿಯವಳು. ಚೊಚ್ಚಲ ಬಸುರಿ, ಎಂಟನೇ ತಿಂಗಳು. ಗಂಡ ಮಾದೇವ ಶುಂಠಿ ಕೀಳುವ ಕೆಲಸಕ್ಕೆ ವಯನಾಡಿಗೆ ಹೋಗಿದ್ದ. ಮನೆಯಲ್ಲಿ ಅವಳು ಮತ್ತು ಅತ್ತೆ ಚಿಕ್ಕತಾಯಮ್ಮ. ಶಿವಮ್ಮ ಮಾತು ಕಡಿಮೆ. ಕೇಳಿದ್ದಕ್ಕೆ ಮಾತ್ರ ಉತ್ತರ, ಅದೂ ಸೆರಗಿನ ಒಳಗಿಂದ.

ಆ ಬುಧವಾರ ನನಗೆ ಕೆಲಸಕ್ಕೆ ಸೇರಿ ಎರಡನೇ ವರ್ಷ. ಡಾಕ್ಟರು ಒಳಕೋಣೆಯಲ್ಲಿ ಕಾಲಿಗೆ ಗಾಯವಾಗಿದ್ದ ಒಬ್ಬ ಮುದುಕನ ಕೀವು ತೆಗೆಯುತ್ತಿದ್ದರು. ಬಸುರಿಯರನ್ನು ನೋಡಿ ಕಾರ್ಡು ಬರೆಯುವುದು ನನ್ನ ಪಾಲು. ಶಿವಮ್ಮನ ತೋಳಿಗೆ ಬಿಪಿ ಪಟ್ಟಿ ಕಟ್ಟಿದೆ. ಪಾದರಸ ನೂರೈವತ್ತರ ಮೇಲಿರುವಾಗಲೇ ಸ್ಟೆತಾಸ್ಕೋಪಿನಲ್ಲಿ ನಾಡಿಯ ಸದ್ದು ಕೇಳಿತು. ಪಕ್ಕದಲ್ಲಿ ಒಂದು ಮಗು ಸೂಜಿ ಚುಚ್ಚಿಸಿಕೊಂಡು ಕಿರುಚುತ್ತಿತ್ತು. ಪಟ್ಟಿಯೂ ಹಳೆಯದು, ಗಾಳಿ ಸೋರುತ್ತಿತ್ತು. ನನ್ನ ಕಿವಿಯನ್ನೇ ನಾನು ನಂಬಲಿಲ್ಲ.

"ತಲೆನೋವು ಇದ್ಯಾ?" ಎಂದು ಕೇಳಿದೆ.

"ವಸಿ ಅದ."

"ಅಲ್ಲಿ ಕುಂತ್ಕೊ. ಗಲಾಟೆ ಕಮ್ಮಿಯಾದ್ಮೇಲೆ ಇನ್ನೊಂದ್ಸಲ ನೋಡ್ತೀನಿ."

ಅವಳು ಪಡಸಾಲೆಯಲ್ಲಿ ನನ್ನ ಬೆನ್ನ ಹಿಂದಿನ ಕಂಬಕ್ಕೆ ಒರಗಿ ಕೂತಳು. ಸಾಲು ಉದ್ದವಿತ್ತು. ಒಬ್ಬರಾದ ಮೇಲೆ ಒಬ್ಬರು ಬಂದರು. ಮೂತ್ರ ಪರೀಕ್ಷೆಗೆ ಗಾಜಿನ ನಳಿಗೆಯನ್ನು ದೀಪದ ಮೇಲೆ ಕಾಯಿಸಬೇಕಿತ್ತು, ಗಾಳಿಗೆ ದೀಪ ಆರಿ ಆರಿ ಹೋಗುತ್ತಿತ್ತು. ಅದನ್ನೂ ಅವತ್ತು ಕೈಬಿಟ್ಟೆ. ಕೊನೆಯಲ್ಲಿ ಕಾರ್ಡುಗಳನ್ನು ಜೋಡಿಸುವಾಗ ಶಿವಮ್ಮನ ಕಾರ್ಡಿನಲ್ಲಿ ಬಿಪಿಯ ಜಾಗ ಖಾಲಿ ಇತ್ತು. ಹಿಂದಿನ ತಿಂಗಳು ನೂರ ಇಪ್ಪತ್ತು, ಎಂಬತ್ತು ಎಂದಿತ್ತು. ನಾನು ಅದನ್ನೇ ಮತ್ತೆ ಬರೆದೆ, ರಿಜಿಸ್ಟರಿನಲ್ಲೂ ಅದನ್ನೇ. ಪೆನ್ನು ಒಂದು ಕ್ಷಣ ನಿಂತಿತ್ತು. ನಿಂತದ್ದು ನನಗೆ ಇವತ್ತಿಗೂ ಗೊತ್ತು. ಶಿವಮ್ಮ ಮನೆಗೆ ಹೋಗಿರಬೇಕೆಂದುಕೊಂಡು, ಕಾರ್ಡನ್ನು ಅವಳಿಗೆ ಕೊಡುವಂತೆ ಅವಳ ಬೀದಿಯ ಒಬ್ಬ ಹೆಂಗಸಿನ ಕೈಗೆ ಕೊಟ್ಟು, ಪೆಟ್ಟಿಗೆ ಮುಚ್ಚಿ ಜೀಪು ಹತ್ತಿದೆ.

ಸೋಮವಾರ ಬೆಳಿಗ್ಗೆ ಟೊಮೆಟೊ ಸಾಗಿಸುವ ಟೆಂಪೋದಲ್ಲಿ ಅವಳನ್ನು ತಂದರು. ಬೆಳಗಿನ ಜಾವದಿಂದ ಫಿಟ್ಸ್ ಬರುತ್ತಿತ್ತಂತೆ. ನಾಲಿಗೆ ಕಚ್ಚಿಕೊಂಡಿದ್ದಳು. ಮುಖ ಗುರುತು ಸಿಗದಷ್ಟು ಊದಿತ್ತು. ಡಾಕ್ಟರು ಮಗುವನ್ನು ಹೊರಗೆ ತೆಗೆದರು. ಹೆಣ್ಣು, ನನ್ನ ಎರಡು ಅಂಗೈಯಲ್ಲಿ ಹಿಡಿಸುವಷ್ಟು. ಮಗು ಉಳಿಯಿತು. ಶಿವಮ್ಮ ಮಧ್ಯಾಹ್ನದ ಊಟದ ಗಂಟೆ ಹೊಡೆಯುವ ಮೊದಲೇ ಹೋದಳು.

ಅವಳ ಮಡಿಲಿನಲ್ಲಿ ಕಾರ್ಡು ಇತ್ತು. ಡಾಕ್ಟರು ಅದನ್ನು ಬಿಡಿಸಿ ನೋಡಿದರು. ನನ್ನನ್ನು ಕರೆದರು.

"ಪುಟ್ಟಮಣಿ, ಇದು ನೋಡಿ ಬರೆದದ್ದಾ?"

"ಹೌದು ಸಿಸ್ಟರ್."

ಅವರು ಕಾರ್ಡನ್ನು ಮಡಚಿಟ್ಟರು. ಸಂಜೆ ಸೂಜಿ ಕುದಿಸುವ ಕೋಣೆಯಲ್ಲಿ ನಾನೇ ಹೋಗಿ ಅವರ ಮುಂದೆ ನಿಂತು ಎಲ್ಲ ಹೇಳಿದೆ. ಬೈಯುತ್ತಾರೆ, ಕೆಲಸದಿಂದ ತೆಗೆಯುತ್ತಾರೆ ಎಂದುಕೊಂಡಿದ್ದೆ. ಅವರು ಸ್ಟೌ ಆರಿಸಿದರು.

"ಗೊತ್ತಿಲ್ಲದ್ದನ್ನು ಖಾಲಿ ಬಿಡಬೇಕು ಮೋಳೇ," ಎಂದರು. "ಜೀಪಿನಲ್ಲಿ ರಿಜಿಸ್ಟರು ನೋಡುವಾಗ ಖಾಲಿ ಜಾಗ ಕಂಡಿದ್ದರೆ ಯಾಕೆ ಅಂತ ನಾನು ಕೇಳುತ್ತಿದ್ದೆ. ಜೀಪು ತಿರುಗಿಸುತ್ತಿದ್ದೆ. ನೀನು ಬರೆದಿದ್ದರಿಂದ ನಾನು ಕೇಳಲಿಲ್ಲ."

ಹೊಸದಾಗಿ ಕೆಲಸಕ್ಕೆ ಬರುವ ಹುಡುಗಿಯರಿಗೆ ನಾನು ಹೇಳಬಹುದಾದದ್ದೆಲ್ಲ ಆ ನಾಲ್ಕು ಮಾತಿನಲ್ಲಿದೆ. ಆದರೆ ಕತೆ ಅಲ್ಲಿಗೆ ಮುಗಿಯಲಿಲ್ಲ.

ಬುಧವಾರ ನಾವು ಬೇಲದಮಾಳಕ್ಕೆ ಹೋದೆವು. ಡಾಕ್ಟರು ಶಾಲೆಗೆ ಹೋಗದೆ ನೇರ ಶಿವಮ್ಮನ ಮನೆಗೆ ನಡೆದರು. ಮಾದೇವ ವಯನಾಡಿನಿಂದ ಬಂದಿದ್ದ. ಗಡ್ಡ ಬಿಟ್ಟು ಬಾಗಿಲಲ್ಲಿ ಕೂತಿದ್ದ. ಚಿಕ್ಕತಾಯಮ್ಮ ಒಳಗೆ ಗೋಡೆಗೆ ಒರಗಿ ಕೂತಿದ್ದಳು. ಬೀದಿಯ ಜನ ಸೇರಿತು. ಡಾಕ್ಟರು ಎಲ್ಲರ ಎದುರು ಹೇಳಿದರು: "ನಿಮ್ಮ ಹೆಂಡತಿಗೆ ರಕ್ತದ ಒತ್ತಡ ಏರಿತ್ತು. ಹೋದ ವಾರ ನಾವು ಅದನ್ನು ಕಂಡುಹಿಡಿಯಬೇಕಿತ್ತು. ಹಿಡಿಯಲಿಲ್ಲ. ತಪ್ಪು ನಮ್ಮದು."

ನಾನು ಅವರ ಬೆನ್ನ ಹಿಂದೆ ನಿಂತಿದ್ದೆ. 'ನಮ್ಮದು' ಎಂದ ಮಾತಿನೊಳಗೆ ಅಡಗಿಕೊಂಡೆ.

ಮಾದೇವ ತಲೆಯೆತ್ತಿ ಕೇಳಿದ, "ತಪ್ಪು ಅಂತ ಏಳ್ಬುಟ್ರೆ ಮುಗೀತಾ ಅಮ್ಮ?"

"ಮುಗಿಯುವುದಿಲ್ಲ," ಎಂದರು ಡಾಕ್ಟರು.

"ಅಂಗಾರೆ ಓಗಿ. ಇನ್ನು ಈ ಬೀದಿಗೆ ಬರ್ಬೇಡಿ."

ಮುಂದಿನ ಬುಧವಾರ ಯಾರೂ ಬರಲಿಲ್ಲ. ಮೇಲಿನ ಬೀದಿಯಿಂದಲೂ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ನಾವು ಒಂಬತ್ತು ಗಂಟೆಗೆ ಹೋಗಿ ಪೆಟ್ಟಿಗೆ ತೆರೆದಿಟ್ಟು ಒಂದು ಗಂಟೆಯವರೆಗೆ ಕೂರುತ್ತಿದ್ದೆವು. ಶಾಲೆಯ ಮಕ್ಕಳು ಮಗ್ಗಿ ಹೇಳುವುದನ್ನು ಕೇಳುತ್ತಿದ್ದೆವು. ಡಾಕ್ಟರು ಖಾಲಿ ಬಾಟಲಿಗಳನ್ನು ತೊಳೆದು ಬಿಸಿಲಿಗೆ ಸಾಲಾಗಿ ಇಡುತ್ತಿದ್ದರು. ಆಸ್ಪತ್ರೆಯ ಆಡಳಿತ ನೋಡುತ್ತಿದ್ದ ಪಾದ್ರಿಗಳು ಬೇಸರಪಟ್ಟುಕೊಂಡರು. ಬೇರೆ ಊರುಗಳು ಜೀಪಿಗಾಗಿ ಕಾದಿವೆ, ಈ ಊರನ್ನು ಬಿಟ್ಟುಬಿಡಿ ಎಂದರು. "ಅವರು ಬರುವುದನ್ನು ಬಿಟ್ಟಿದ್ದಾರೆ. ನಾವೂ ಬಿಟ್ಟರೆ ತಪ್ಪು ಎರಡಾಗುತ್ತದೆ," ಎಂದು ಡಾಕ್ಟರು ಹೇಳಿದ್ದು ನನ್ನ ಎದುರಿಗೇ. ಸಿದ್ದರಾಜುವಿಗೆ ಮಾತ್ರ ಇದು ಅರ್ಥವಾಗಲಿಲ್ಲ. "ಬೀಗ ಆಕಿರೊ ಮನೆ ಮುಂದೆ ನೆಂಟ್ರು ಕುಂತಂಗಾಯ್ತಲ್ಲ ಸಿಸ್ಟರ್," ಎಂದು ಗೊಣಗುತ್ತಿದ್ದ.

ಹೀಗೆ ಒಂದು ಮಳೆಗಾಲ ಪೂರ್ತಿ ಕಳೆಯಿತು.

ಹೊಲದಲ್ಲಿ ಚೆಂಡುಹೂವು ಬಿಡಿಸುವ ಕಾಲ. ಒಂದು ಬುಧವಾರ, ಹನ್ನೊಂದು ಗಂಟೆಯಿರಬಹುದು, ಚಿಕ್ಕತಾಯಮ್ಮ ಬಟ್ಟೆಯಲ್ಲಿ ಸುತ್ತಿದ ಮಗುವನ್ನು ಎತ್ತಿಕೊಂಡು ಶಾಲೆಯ ಬಯಲು ದಾಟಿ ಬಂದಳು. ಡಾಕ್ಟರು ಎದ್ದು ನಿಂತು ಕೈಚಾಚಿದರು. ಅವಳು ಅವರನ್ನು ದಾಟಿ ಬಂದು ಮಗುವನ್ನು ನನ್ನ ಕೈಗೆ ಕೊಟ್ಟಳು.

"ಉಸುರು ಕಟ್ತದ. ಆಲು ಕುಡಿಯಾದಿಲ್ಲ. ನೋಡು."

ಮಗುವಿನ ಪಕ್ಕೆಲುಬುಗಳ ಕೆಳಗೆ ಪ್ರತಿ ಉಸಿರಿಗೂ ಗುಳಿ ಬೀಳುತ್ತಿತ್ತು. ನ್ಯುಮೋನಿಯ. ನಾವು ಕ್ಯಾಂಪು ಮುಗಿಯುವವರೆಗೆ ಕಾಯಲಿಲ್ಲ. ಪೆಟ್ಟಿಗೆಗಳನ್ನು ಅಲ್ಲೇ ಮೇಷ್ಟರ ವಶಕ್ಕೆ ಬಿಟ್ಟು ಮಗುವನ್ನೂ ಅಜ್ಜಿಯನ್ನೂ ಜೀಪಿನಲ್ಲಿ ಕರೆದುಕೊಂಡು ಹೋದೆವು. ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದರು. ಆ ಮಗುವಿಗೆ ಗೌರಿ ಎಂದು ಹೆಸರಿಟ್ಟಿದ್ದರು. ಹನ್ನೆರಡು ದಿನವೂ ಅದಕ್ಕೆ ಸೂಜಿ ಕೊಟ್ಟವಳು ನಾನು. ಚಿಕ್ಕತಾಯಮ್ಮ ಮಂಚದ ಕೆಳಗೆ ಚಾಪೆ ಹಾಸಿ ಮಲಗುತ್ತಿದ್ದಳು. ನಾನು ಬಂದಾಗಲೆಲ್ಲ ಎದ್ದು ಕೂತು ನನ್ನ ಕೈಯನ್ನೇ ನೋಡುತ್ತಿದ್ದಳು. ಮುಖವನ್ನು ನೋಡುತ್ತಿರಲಿಲ್ಲ.

ಮಗು ಗುಣವಾಗಿ ಹೋದಮೇಲೆ ಊರು ಮೆಲ್ಲಗೆ ಮರಳಿ ಬಂತು. ಮೊದಲು ಕೆಳಗಿನ ಬೀದಿಯವರು, ಆಮೇಲೆ ಮೇಲಿನವರು. ಯಾರೂ ಹಳೆಯ ಮಾತು ಎತ್ತಲಿಲ್ಲ. ಡಾಕ್ಟರು ಒಂದು ಹೊಸ ನಿಯಮ ಮಾಡಿದರು. ಬಸುರಿಯ ಬಿಪಿ ಹೆಚ್ಚಿದ್ದರೆ, ಕಾಲು ಊದಿದ್ದರೆ, ನಾಳೆ ಬಾ, ಮುಂದಿನ ವಾರ ಬಾ ಎನ್ನುವ ಹಾಗಿಲ್ಲ. ಅವತ್ತೇ ಜೀಪಿನಲ್ಲಿ ಹತ್ತಿಸಬೇಕು. ಜಾಗ ಇಲ್ಲದಿದ್ದರೆ ನರ್ಸ್ ಇಳಿದು ಬಸ್ಸಿನಲ್ಲಿ ಬರಬೇಕು. ನಾನು ಎಷ್ಟೋ ಸಲ ಇಳಿದು ಬಸ್ಸಿನಲ್ಲಿ ಬಂದಿದ್ದೇನೆ. ಅದರಲ್ಲಿ ಏನೂ ಹೆಚ್ಚುಗಾರಿಕೆಯಿಲ್ಲ.

ವರ್ಷಗಳು ಹೋದವು. ಗಾಜಿನ ಸಿರಿಂಜು ಹೋಗಿ ಬಳಸಿ ಬಿಸಾಡುವ ಸಿರಿಂಜು ಬಂತು. ಪಾದರಸದ ಪೆಟ್ಟಿಗೆ ಹೋಗಿ ಗುಂಡಿ ಒತ್ತುವ ಮಿಷನ್ನು ಬಂತು. ಕೊನೆಯ ವರ್ಷಗಳಲ್ಲಿ ರಿಜಿಸ್ಟರಿನ ಬದಲು ಕೈಯಲ್ಲಿ ಹಿಡಿಯುವ ಟ್ಯಾಬು ಕೊಟ್ಟರು. ಅದರಲ್ಲಿ ಯಾವ ಜಾಗವನ್ನೂ ಖಾಲಿ ಬಿಡುವ ಹಾಗಿಲ್ಲ. ಬಿಟ್ಟರೆ ಮುಂದಿನ ಪುಟಕ್ಕೆ ಹೋಗುವುದೇ ಇಲ್ಲ, ಕೆಂಪು ಗೆರೆ ತೋರಿಸುತ್ತದೆ. ಒಂದು ದಿನ ಹೊಸ ಹುಡುಗಿಯೊಬ್ಬಳು ಪಟ್ಟಿ ಕಟ್ಟದೆಯೇ ನೂರ ಇಪ್ಪತ್ತು, ಎಂಬತ್ತು ಎಂದು ಒತ್ತುತ್ತಿದ್ದಳು. "ಯಾಕಮ್ಮ?" ಎಂದೆ. "ಬ್ಯಾಟರಿ ಮುಗಿದಿದೆ ಮೇಡಂ. ಏನಾದ್ರೂ ಹಾಕದಿದ್ರೆ ಸೇವ್ ಆಗಲ್ಲ," ಎಂದಳು. ನಾನು ಕೂಗಾಡಿದೆ. ಅವಳಿಗೆ ಕಾರಣ ಹೇಳಲು ಆಗಲಿಲ್ಲ. ಮೇಡಂಗೆ ವಯಸ್ಸಾಯ್ತು, ಸಿಡುಕು ಜಾಸ್ತಿ ಎಂದು ಅವರು ಮಾತಾಡಿಕೊಂಡರು.

ಡಾಕ್ಟರಿಗೆ ಕೈನಡುಕ ಬಂತು. ಹೊಲಿಗೆ ಹಾಕುವುದನ್ನು ತಾವಾಗಿಯೇ ನಿಲ್ಲಿಸಿದರು. ಅವರನ್ನು ಕೇರಳದ ಮಠಕ್ಕೆ ವಾಪಸು ಕರೆಸಿಕೊಂಡರು. ಹೊರಡುವ ದಿನ ನಾನು ಅವರ ಟ್ರಂಕು ಕಟ್ಟುತ್ತಿದ್ದೆ. "ಆ ಅಜ್ಜಿಗೆ ಹೇಳಿದೆಯಾ?" ಎಂದು ಕೇಳಿದರು. ಯಾವ ಅಜ್ಜಿ ಎಂದು ನಾನು ಕೇಳಬೇಕಾಗಲಿಲ್ಲ.

"ಇಲ್ಲ ಸಿಸ್ಟರ್."

"ಅವತ್ತು ನಿನ್ನ ಹೆಸರು ಹೇಳದೆ ನಿನಗೆ ಉಪಕಾರ ಮಾಡಿದೆ ಅಂದುಕೊಂಡಿದ್ದೆ ಮೋಳೇ. ಈಗ ಹಾಗನ್ನಿಸುವುದಿಲ್ಲ. ಇಷ್ಟು ವರ್ಷ ನಿನ್ನ ಕೈಯಲ್ಲಿ ಇದನ್ನು ಹೊರಿಸಿದೆ."

ಎರಡು ವರ್ಷದ ಮೇಲೆ ಅವರು ತೀರಿಕೊಂಡ ಸುದ್ದಿ ಫೋನಿನಲ್ಲಿ ಬಂತು. ಅವತ್ತು ನಾವು ಬೇರೊಂದು ಊರಲ್ಲಿದ್ದೆವು. ಸಾಲಿನಲ್ಲಿ ಇನ್ನೂ ಜನವಿತ್ತು. ಎಲ್ಲರನ್ನೂ ನೋಡಿ ಮುಗಿಸಿಯೇ ಎದ್ದೆ. ಹಾಗೆ ಮಾಡಬೇಕೆಂದು ಅವರೇ ಕಲಿಸಿದ್ದು.

ಚಿಕ್ಕತಾಯಮ್ಮನಿಗೂ ಬಿಪಿ ಬಂದಿತ್ತು. ತಿಂಗಳಿಗೊಂದು ಬುಧವಾರ ತಪ್ಪದೆ ಬರುತ್ತಿದ್ದಳು. ಎಷ್ಟು ಜನ ನರ್ಸುಗಳಿದ್ದರೂ ನನ್ನ ಮುಂದೆಯೇ ಬಂದು ತೋಳು ಚಾಚುತ್ತಿದ್ದಳು. ನಾನು ಯಾವಾಗಲೂ ಎರಡು ಸಲ ನೋಡುತ್ತಿದ್ದೆ. "ಯಾಕ, ಒಂದ್ಸಲ ನೋಡುದ್ರೆ ಕಾಣಾಕಿಲ್ವಾ?" ಎಂದು ಒಮ್ಮೆ ಕೇಳಿದ್ದಳು. ಹೇಳಿಬಿಡಬೇಕು ಎಂದು ಪ್ರತಿ ಸಲ ಅಂದುಕೊಳ್ಳುವುದು, ಸಾಲು ನೋಡಿ ಮುಂದಿನ ತಿಂಗಳು ಎಂದುಕೊಳ್ಳುವುದು. ಗೌರಿ ಬೆಳೆದಳು, ಶಾಲೆ ಮುಗಿಸಿದಳು, ಮದುವೆಯಾಗಿ ನಂಜನಗೂಡಿನ ಕಡೆ ಹೋದಳು. ಮಾದೇವ ಶುಂಠಿ ಕೆಲಸದಲ್ಲೇ ಎಲ್ಲೋ ಕೇರಳದಲ್ಲಿ ಉಳಿದುಬಿಟ್ಟ. ನಾನು ಮಾತ್ರ ಇನ್ನೂ ಹೇಳಿರಲಿಲ್ಲ.

ನನ್ನ ನಿವೃತ್ತಿಗೆ ನಾಲ್ಕು ತಿಂಗಳು ಇರುವಾಗ ಹಳ್ಳಿಗಳಿಗೆ ಜೀಪು ಕಳಿಸುವುದನ್ನು ನಿಲ್ಲಿಸಲು ತೀರ್ಮಾನವಾಯಿತು. ಹೊರಗಿನ ನೆರವು ನಿಂತಿತ್ತು. ಹಳ್ಳಿಗೆ ಬರಲು ಡಾಕ್ಟರುಗಳು ಸಿಗುತ್ತಿರಲಿಲ್ಲ. ಫೋನು ಮಾಡಿದರೆ ಆಂಬುಲೆನ್ಸ್ ಬರುತ್ತದೆ, ಊರಿಗೊಬ್ಬಳು ಆಶಾ ಕಾರ್ಯಕರ್ತೆ ಇದ್ದಾಳೆ, ನಮ್ಮ ಅಗತ್ಯ ಈಗ ಇಲ್ಲ ಎಂದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೂ ಬೇಲದಮಾಳಕ್ಕೆ ಕೊನೆಯ ಬುಧವಾರ ಹೋದಾಗ ಸಾಲಿನಲ್ಲಿ ನಲವತ್ತಕ್ಕೂ ಹೆಚ್ಚು ಜನ ನಿಂತಿದ್ದರು.

ಅವತ್ತು ಚಿಕ್ಕತಾಯಮ್ಮನನ್ನು ಕೊನೆಯವರೆಗೆ ಕಾಯಿಸಿದೆ. ಎಲ್ಲರೂ ಹೋದಮೇಲೆ ಅವಳ ಎದುರು ನೆಲದ ಮೇಲೆ ಕೂತೆ.

"ಅವ್ವ, ಶಿವಮ್ಮನ ಬಿಪಿ ಅವತ್ತು ನೋಡಬೇಕಾದವಳು ನಾನು. ಒಂದು ಸಲ ನೋಡಿದೆ, ಜಾಸ್ತಿ ಇತ್ತು. ಮತ್ತೆ ನೋಡುತ್ತೇನೆ ಎಂದು ಮರೆತೆ. ಕಾರ್ಡಿನಲ್ಲಿ ಸುಳ್ಳು ಬರೆದೆ. ಡಾಕ್ಟರದು ಏನೂ ತಪ್ಪಿರಲಿಲ್ಲ."

ಅವಳು ಸ್ವಲ್ಪವೂ ಚಕಿತಳಾಗಲಿಲ್ಲ.

"ಗೊತ್ತು ಕಣವ್ವ."

"ಯಾರು ಹೇಳಿದರು?"

"ಅವಳೇ. ಮನೇಗ್ ಬಂದು ಏಳುದ್ಲು. ನರ್ಸಮ್ಮ ಪಟ್ಟಿ ಕಟ್ಟುದ್ರು, ಕುಂತ್ಕೊ ಆಮೇಲೆ ನೋಡ್ತೀನಿ ಅಂದ್ರು ಅಂತ. ಕುಂತಿದ್ಲಂತೆ. ನೀನು ಜೀಪ್ ಅತ್ತಿ ಓಗಗಂಟ ಆ ಕಂಬದ ತಾವೇ ಕುಂತಿದ್ಲಂತೆ. ಕರೆಯೋಕೆ ನಾಚ್ಕೆ ಅವಳ್ಗೆ. ಎದ್ದು ಬಂದ್ಬುಟ್ಲು."

ಶಿವಮ್ಮ ಕಾದು ಕೂತಿದ್ದಳೆಂದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ಸಾಲು ಕರಗುವ ಮೊದಲೇ ಮನೆಗೆ ಹೋಗಿರಬೇಕು ಎಂದೇ ಇಷ್ಟು ವರ್ಷ ನಂಬಿದ್ದೆ. ಕೊನೆಯವರೆಗೂ ಅಲ್ಲೇ ಇದ್ದಳು. ನಾನು ಪೆಟ್ಟಿಗೆ ಮುಚ್ಚುವುದನ್ನು ನೋಡುತ್ತಿದ್ದಳು. ಒಂದು ಸಲ ತಿರುಗಿ ನೋಡಿದ್ದರೆ ಸಾಕಿತ್ತು.

ನಾನು ಕೇಳಿದೆ, "ಗೊತ್ತಿದ್ದೂ ಮಗೂನ ನನ್ನ ಕೈಗೇ ಯಾಕೆ ಕೊಟ್ಟೆ?"

"ನೀನು ಎಚ್ಚರವಾಗಿರ್ತೀಯ ಅಂತ. ಒಂದ್ಸಲ ಮರ್ತೋಳು ಇನ್ನೊಂದ್ಸಲ ಮರಿಯಾದಿಲ್ಲ."

"ಅಂದ್ರೆ ನನ್ನ ಮೇಲೆ ಸಿಟ್ಟಿರಲಿಲ್ವಾ?"

ಅವಳು ನನ್ನ ಮುಖವನ್ನು ನೇರವಾಗಿ ನೋಡಿದಳು.

"ಇತ್ತು. ಈಗ್ಲೂ ಅದ. ಇಲ್ಲ ಅಂತ ನಾನ್ಯಾಕ ಸುಳ್ಳೇಳ್ಲಿ? ಆದ್ರೆ ಕಾಯಿಲೆ ಬಂದ್ರೆ ಇನ್ನೆಲ್ಲಿಗೋಗನವ್ವ? ನೀವು ಬುಟ್ರೆ ಇಲ್ಲಿಗೆ ಯಾರ್ ಬತ್ತಿದ್ರು?"

ನಾನು ಕ್ಷಮೆ ಕೇಳಲಿಲ್ಲ. ಕೇಳಿದ್ದರೆ ಅವಳು ಉತ್ತರ ಕೊಡಬೇಕಾಗುತ್ತಿತ್ತು. ಅವಳ ತೋಳಿಗೆ ಪಟ್ಟಿ ಕಟ್ಟಿ, ಎರಡು ಸಲ ನೋಡಿ, ಒಂದು ತಿಂಗಳ ಮಾತ್ರೆ ಎಣಿಸಿ ಕೊಟ್ಟೆ.

"ಇದು ಮುಗುದ್ಮೇಲೆ?" ಎಂದಳು.

"ಗುಂಡ್ಲುಪೇಟೆ ಸರ್ಕಾರಿ ಆಸ್ಪತ್ರೆಯಲ್ಲಿ ಕೊಡ್ತಾರವ್ವ, ಇದೇ ಮಾತ್ರೆ." ಬೆಳಿಗ್ಗೆ ಹೋಗುವ ಬಸ್ಸು ಎಷ್ಟು ಹೊತ್ತಿಗೆ, ವಾಪಸು ಬರುವುದು ಎಷ್ಟು ಹೊತ್ತಿಗೆ ಎಂದು ಒಂದು ಚೀಟಿಯಲ್ಲಿ ಬರೆದು ಅವಳ ಕೈಗಿಟ್ಟು ಹೊರಟೆ.

ಜೀಪು ಊರ ಬಾಗಿಲು ದಾಟಿದ ಮೇಲೆ ನೆನಪಾಯಿತು, ಅವಳಿಗೆ ಓದಲು ಬರುವುದಿಲ್ಲ. ಸಿದ್ದರಾಜು ನಿವೃತ್ತನಾಗಿ ಹೋಗಿದ್ದ. ಹೊಸ ಡ್ರೈವರಿಗೆ ನಿಲ್ಲಿಸಲು ಹೇಳಿ ಇಳಿದು ಹಿಂದಕ್ಕೆ ನಡೆದೆ. ಚಿಕ್ಕತಾಯಮ್ಮ ಇನ್ನೂ ಶಾಲೆಯ ಬಯಲಿನಲ್ಲೇ ಇದ್ದಳು, ಮಂಡಿ ಹಿಡಿದುಕೊಂಡು ಮೆಲ್ಲಗೆ ಹೋಗುತ್ತಿದ್ದಳು. ಚೀಟಿ ಮಾತ್ರೆಯ ಕವರಿನೊಳಗೆ ಮಡಚಿಕೊಂಡಿತ್ತು.

"ಅವ್ವ, ಬೆಳಿಗ್ಗೆ ಬಸ್ಸು ಹತ್ತೂಕಾಲಿಗೆ. ವಾಪಸು ಎರಡೂವರೆಗೆ. ಅದು ತಪ್ಪಿದರೆ ಬೇರೆ ಬಸ್ಸಿಲ್ಲ."

"ಅತ್ತೂಕಾಲು. ಎರಡೂವರೆ," ಎಂದಳು ಅವಳು.

ಇನ್ನೊಂದು ಸಲ ಹೇಳಿಸಿದೆ. ಹೇಳಿದಳು. "ಸಾಕು ಓಗು, ಜೀಪ್ನೋನು ಕಾಯ್ತಾವ್ನೆ," ಎಂದು ತನ್ನ ಬೀದಿಯ ಕಡೆ ತಿರುಗಿದಳು. ನಾನು ಅಲ್ಲೇ ನಿಂತಿದ್ದೆ. ಅವಳು ಅರಿಶಿನದ ಹೊಲದ ಬದುವಿನ ಮೇಲೆ ಒಂದೊಂದೇ ಹೆಜ್ಜೆಯಿಡುತ್ತಾ, ಮರೆಯದಿರಲೆಂದು ತನಗೆ ತಾನೇ ಹೇಳಿಕೊಂಡು ಹೋಗುತ್ತಿದ್ದಳು. ಅತ್ತೂಕಾಲು, ಎರಡೂವರೆ. ಅತ್ತೂಕಾಲು, ಎರಡೂವರೆ.